ಚೀಟಿ ದುಡ್ಡು, ಕಾಣಿಕೆ ಚೀಲ, ಕಬ್ಬಿನ ಬಟವಾಡೆ: ಸಭೆಯ ಬದುಕಿನ ಪ್ರಶ್ನೆಗಳು

ಈ ಸಲ ಉತ್ತರಕ್ಕೆ ಆರಿಸಿಕೊಂಡ ಪತ್ರಗಳೆಲ್ಲ ಮೈಸೂರು, ಮಂಡ್ಯ ಕಡೆಯವು. ಬರೆದವರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯವರೂ ಇದ್ದಾರೆ, ಕಥೋಲಿಕರೂ ಇದ್ದಾರೆ. ನಿಯಮ ಬೇರೆಯಾಗುವ ಕಡೆ ಬೇರೆಯಾಗಿಯೇ ಹೇಳಿದ್ದೇವೆ. ಬೈಬಲಿನ ಮಾತುಗಳನ್ನು ನಮ್ಮ ಮಾತಿನಲ್ಲಿ ಹೇಳಿ ಅಧ್ಯಾಯ, ವಚನ ಸೂಚಿಸಿದ್ದೇವೆ. ಮನೆಯ ಬೈಬಲ್ ತೆಗೆದು ಓದಿಕೊಳ್ಳಿ.

ಪ್ರಶ್ನೆ: ನಾನು ಚೀಟಿ ನಡೆಸುತ್ತಿದ್ದೆ. ನಮ್ಮ ಸ್ತ್ರೀಯರ ಕೂಟದ ಸಹೋದರಿಯೊಬ್ಬರು ಚೀಟಿ ಎತ್ತಿಕೊಂಡ ಮೇಲೆ ಉಳಿದ ಕಂತು 15,000 ರೂಪಾಯಿ ಕಟ್ಟಲಿಲ್ಲ. ನಾನೇ ಕೈಯಿಂದ ತುಂಬಿದೆ. ಒಂದು ದಿನ ಸಿಟ್ಟು ತಡೆಯಲಾರದೆ ಕೂಟದಲ್ಲಿ ಎಲ್ಲರ ಮುಂದೆ ಕೇಳಿಬಿಟ್ಟೆ. ಎರಡು ವರ್ಷವಾಯಿತು, ಮಾತಿಲ್ಲ. ನಾನು ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೇನೆ. ಅವರು ತೆಗೆದುಕೊಳ್ಳುತ್ತಾರೆ. ನಾನು ಮಾಡುತ್ತಿರುವುದು ಸರಿಯೇ?
— ಸಹೋದರಿ, ಮೈಸೂರು

ಉತ್ತರ: ಅಮ್ಮಾ, ಇಲ್ಲಿ ಎರಡು ಲೆಕ್ಕ ಇವೆ. ಎರಡನ್ನೂ ಒಂದೇ ಪುಸ್ತಕಕ್ಕೆ ಬರೆದದ್ದರಿಂದ ಯಾವುದೂ ಚುಕ್ತಾ ಆಗಲಿಲ್ಲ. 15,000 ರೂಪಾಯಿ ಅವರು ನಿಮಗೆ ಕೊಡಬೇಕಾದ ಬಾಕಿ. ನಾಲ್ಕು ಜನರ ಮುಂದೆ ಅವರ ಮುಖ ಕೆಡಿಸಿದ್ದು ನೀವು ಅವರಿಗೆ ತೀರಿಸಬೇಕಾದ ಬಾಕಿ. ಮತ್ತಾಯ 5:23-24ರಲ್ಲಿ, ನಿನ್ನ ಮೇಲೆ ಬೇರೆಯವರಿಗೆ ಬೇಸರವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡಿಕೊ ಎಂದಿದೆ. ಮತ್ತಾಯ 18:15ರಲ್ಲಿ, ಬೇರೆಯವರು ನಿನಗೆ ತಪ್ಪು ಮಾಡಿದ್ದರೆ ನೀನೇ ಹೋಗಿ ಅವರೊಬ್ಬರಿಗೇ ಹೇಳು ಎಂದಿದೆ. ತಪ್ಪು ಯಾರದಾದರೂ ಎದ್ದು ಹೋಗಬೇಕಾದವರು ನೀವೇ. ಅವರಾಗಿ ಬರಲಿ ಎಂದು ಕಾಯಲು ಈ ಎರಡು ವಚನಗಳಲ್ಲಿ ಎಲ್ಲೂ ಜಾಗ ಇಲ್ಲ.

ಮೊದಲು ನಿಮ್ಮ ಬಾಕಿ ತೀರಿಸಿ. ಭಾನುವಾರ ಆರಾಧನೆ ಮುಗಿದು ಜನ ಮೆಟ್ಟಿಲಿಳಿಯುವಾಗ ಬೇಡ, ಕ್ರಿಸ್ಮಸ್‌ನ ಗಡಿಬಿಡಿಯಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ವಾರದ ನಡುವೆ, ಮಧ್ಯಾಹ್ನದ ಕೆಲಸ ಮುಗಿದು ಮಕ್ಕಳು ಶಾಲೆಯಿಂದ ಇನ್ನೂ ಬಂದಿರದ ಹೊತ್ತಿಗೆ, ಒಬ್ಬರೇ ಅವರ ಮನೆಗೆ ಹೋಗಿ. ಜೊತೆಗೆ ಗೆಳತಿಯನ್ನು ಕರೆದೊಯ್ದರೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ.

ಮಾತು ಎರಡೇ ಸಾಕು. "ಅವತ್ತು ಎಲ್ಲರ ಮುಂದೆ ದುಡ್ಡಿನ ವಿಷಯ ಎತ್ತಿದೆ. ನಿಮ್ಮ ಮನಸ್ಸಿಗೆ ನೋವು ಮಾಡಿದೆ, ತಪ್ಪಾಯಿತು, ಕ್ಷಮಿಸಿ." ಕ್ಷಮೆ ಕೇಳುವಾಗ ಹೆಚ್ಚಿನವರು ಎಡವುವುದು ಒಂದು ಅಕ್ಷರದಲ್ಲಿ. "ನಾನೇನಾದರೂ ತಪ್ಪು ಮಾಡಿದ್ದರೆ" ಎಂದು ಶುರುಮಾಡುತ್ತಾರೆ. ಆ "ರೆ" ಬಂದ ಕೂಡಲೇ ತಪ್ಪು ಅನುಮಾನಕ್ಕೆ ಬೀಳುತ್ತದೆ, ಕೇಳುವವರಿಗೆ ಹಳೆಯ ಗಾಯ ಮತ್ತೆ ಕೆದಕಿದಂತಾಗುತ್ತದೆ. ಎರಡನೆಯದು "ಆದರೆ ನೀವೂ ದುಡ್ಡು ಕೊಡಲಿಲ್ಲ" ಎಂದು ಸೇರಿಸುವುದು. ಅವತ್ತು ದುಡ್ಡಿನ ಮಾತನ್ನು ಎತ್ತಲೇಬೇಡಿ. ಅವರೇ ಎತ್ತಿದರೆ "ಅದಕ್ಕೆ ಇನ್ನೊಂದು ದಿನ ಬರ್ತೀನಿ" ಅನ್ನಿ. ಕಾಫಿ ಕೊಟ್ಟರೆ ಕುಡಿದು ಬನ್ನಿ.

ಒಂದೆರಡು ವಾರ ಬಿಟ್ಟು ಮತ್ತೆ ಹೋಗಿ, ಆಗ ದುಡ್ಡಿನ ಮಾತು. ತಿಂಗಳಿಗೆ 1,000 ರೂಪಾಯಿಯಂತೆ 15 ತಿಂಗಳು ಎಂದು ಕೇಳಿ, ಇಬ್ಬರ ಪುಸ್ತಕದಲ್ಲೂ ಬರೆದುಕೊಳ್ಳಿ. ಅವರಿಗೆ ನಿಜಕ್ಕೂ ಶಕ್ತಿಯಿಲ್ಲ ಎಂದು ಕಂಡರೆ, ನಿಮ್ಮ ಮನೆಯವರ ಜೊತೆ ಮಾತಾಡಿ ಬಿಟ್ಟುಕೊಡುವುದಾದರೆ ಬಾಯಿಬಿಟ್ಟು "ಬಿಟ್ಟೆ" ಎಂದು ಹೇಳಿಬಿಡಿ. ಹೇಳಿದ ಮೇಲೆ ಆ ಮಾತು ಮತ್ತೆ ನಿಮ್ಮ ಬಾಯಲ್ಲಿ ಬರಬಾರದು. ಶಕ್ತಿಯಿದ್ದೂ ಕೊಡುವುದಿಲ್ಲ ಎಂದರೆ, ಆಗ ಮಾತ್ರ ಇಬ್ಬರಿಗೂ ಬೇಕಾದ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ (ಮತ್ತಾಯ 18:16). ಆ ಹಿರಿಯರೂ ವಿಷಯವನ್ನು ಆಚೆ ಆಡಬಾರದು.

ಇನ್ನು ಕರ್ತನ ಭೋಜನ. 1 ಕೊರಿಂಥ 11:28ನ್ನು ಅರ್ಧಕ್ಕೇ ನಿಲ್ಲಿಸಿ ಓದುವವರು ಬಹಳ. ಮನುಷ್ಯನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಎಂದ ಪೌಲ, ಹಾಗೆ ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎನ್ನುತ್ತಾನೆ. ದೂರ ಉಳಿ ಎನ್ನುವುದಿಲ್ಲ. ಒಂದು ವಾರ ತಡೆದುಕೊಂಡು ರಾಜಿಗೆ ಹೋಗುವುದು ಬೇರೆ. ಎರಡು ವರ್ಷ ತಡೆದುಕೊಂಡರೆ ಅದು ಜಗಳವನ್ನು ಕಾಪಾಡಿಕೊಳ್ಳುವ ಅಭ್ಯಾಸವಾಗುತ್ತದೆ. ನೀವು ಹೋಗಿ ಕ್ಷಮೆ ಕೇಳಿಯೂ ಅವರು ಬಾಗಿಲು ಹಾಕಿಕೊಂಡರೆ ನಿಮ್ಮ ಪಾಲಿನದು ಮುಗಿಯಿತು. ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದಷ್ಟೇ ರೋಮ 12:18 ಕೇಳುವುದು. ಮುಂದಿನ ಭಾನುವಾರ ಮೇಜಿನ ಬಳಿ ಹೋಗಿ. ಅವರು ಯಾವ ಮನಸ್ಸಿನಿಂದ ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರಿಗೂ ದೇವರಿಗೂ ಬಿಡಿ.

ಸಿಎಸ್‌ಐ ಸಭೆ 1947ರಲ್ಲಿ ಸೇರಿಬಂದ ಮೇಲೆ 1950ರಲ್ಲಿ ಸಿದ್ಧಪಡಿಸಿದ ಆರಾಧನಾಕ್ರಮದಲ್ಲಿ, ಸಂಸ್ಕಾರಕ್ಕೆ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಇಟ್ಟರು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಬರಿಯ ನಮಸ್ಕಾರದಲ್ಲಿ ಇದನ್ನು ಮುಗಿಸುವ ಸಭೆಗಳೂ ಇವೆ. ಎದುರಿಗಿರುವವರ ಕೈ ಬೆಚ್ಚಗಿದೆಯೋ ನಡುಗುತ್ತಿದೆಯೋ ತಿಳಿಯುವುದು ಹೀಗೆ ಮುಟ್ಟಿದಾಗಲೇ. ರಾಜಿಯಾದ ಮೇಲೆ ಒಂದು ಭಾನುವಾರ ಅವರ ಪಕ್ಕದಲ್ಲಿ ಕೂರಿ.

ಇನ್ನು ಮುಂದೆ ಕೂಟದ ಒಳಗೆ ಚೀಟಿ ನಡೆಸಬೇಡಿ. ಪ್ರಾರ್ಥನೆ ಮಾಡುವ ಬಾಯಲ್ಲೇ ಕಂತು ಕೇಳುವ ಸ್ಥಿತಿ ಬಂದರೆ ಎರಡೂ ಕೆಡುತ್ತವೆ.

ಪ್ರಶ್ನೆ: ಹೋದ ಚುನಾವಣೆಯಲ್ಲಿ ಸಭಾ ಕಮಿಟಿಗೆ ಆರಿಸಿ ಬಂದೆ. ಕಾಣಿಕೆ ಲೆಕ್ಕ ನೋಡಬೇಕು ಎಂದು ಕೇಳಿದ್ದಕ್ಕೆ "ಸಭಾನಾಯಕರಿಗೆ ವಿಧೇಯರಾಗಿರಿ ಅಂತ ಇಬ್ರಿಯರಿಗೆ 13:17ರಲ್ಲಿ ಇಲ್ಲವಾ?" ಎಂದರು. ಕೇಳುವುದು ಅವಿಧೇಯತೆಯೇ?
— ಸಭಾ ಸದಸ್ಯ, ಮೈಸೂರು

ಉತ್ತರ: ಅಲ್ಲ. ಆ ವಚನವನ್ನು ಪೂರ್ತಿ ಓದಿ. ನಾಯಕರು ಲೆಕ್ಕ ಒಪ್ಪಿಸಬೇಕಾದವರು, ಆ ಎಚ್ಚರದಿಂದ ನಿಮ್ಮ ಆತ್ಮಗಳನ್ನು ಕಾಯುತ್ತಾರೆ ಎಂಬುದು ಅದೇ ವಚನದ ಒಳಗಿದೆ. ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು ಎಂದು 1 ಪೇತ್ರ 5:3 ಹೇಳುತ್ತದೆ. ಪೌಲ ಯೆರೂಸಲೇಮಿನ ಬಡವರಿಗೆ ಹಣ ಸೇರಿಸಿದಾಗ ಒಬ್ಬನೇ ಚೀಲ ಹೊತ್ತುಕೊಂಡು ಹೋಗಲಿಲ್ಲ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಜೊತೆಗೆ ಬೇರೆಯವರನ್ನು ಕಳುಹಿಸಿದ (2 ಕೊರಿಂಥ 8:20-21). ಲೆಕ್ಕ ತೋರಿಸುವುದರಿಂದ ಅಯ್ಯನವರ (ಸಭೆಯ ಪಾದ್ರಿಯ) ಗೌರವ ಕಡಿಮೆಯಾಗುವುದಿಲ್ಲ. ಸುಳ್ಳು ಅಪವಾದದಿಂದ ಅವರನ್ನು ಕಾಪಾಡುವುದು ಆ ಲೆಕ್ಕವೇ.

ಕೇಳುವ ರೀತಿಯಲ್ಲಿ ಮಾತ್ರ ವಿಧೇಯತೆ ಕಾಣಬೇಕು. "ಲೆಕ್ಕ ಎಲ್ಲಾ ತೋರಿಸಿ" ಎಂದರೆ ಅನುಮಾನದ ಮಾತಾಗುತ್ತದೆ. "ಏಪ್ರಿಲ್‌ನಿಂದ ಜೂನ್‌ವರೆಗಿನ ಭಾನುವಾರದ ಕಾಣಿಕೆ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಮುಂದಿನ ಕಮಿಟಿಗೆ ಬರಲಿ" ಎಂದು ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಮೊದಲು ಅಯ್ಯನವರ ಹತ್ತಿರ ಒಬ್ಬರೇ ಮಾತಾಡಿ. ಆಮೇಲೆ ಕಮಿಟಿ, ಅದಾದ ಮೇಲೆ ವಾರ್ಷಿಕ ಮಹಾಸಭೆ, ಕೊನೆಗೆ ಡಯಾಸಿಸ್ (ಬಿಷಪ್ಪರ ಆಡಳಿತ). ಈ ಮೆಟ್ಟಿಲು ಹತ್ತುವ ಮೊದಲೇ ಗ್ರೂಪಿನಲ್ಲಿ ಪಾಸ್‌ಬುಕ್ ಫೋಟೋ ಹಾಕಿದರೆ ಸರಿಯಾದ ಪ್ರಶ್ನೆಯೂ ಸೋಲುತ್ತದೆ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಎಂದು 1 ತಿಮೊಥೆ 5:19 ಹೇಳುವುದನ್ನೂ ಮರೆಯಬೇಡಿ.

ಸುಮಾರು ಕಡೆ ಕಳ್ಳತನಕ್ಕಿಂತ ಅಶಿಸ್ತೇ ತೊಂದರೆ. ಚೀಲ ಒಳಗೆ ಬಂದ ಕೂಡಲೇ ಹೂವಿನವರಿಗೆ 500, ಬೋಧನೆಗೆ ಬಂದ ಅತಿಥಿಗೆ 2,000 ಎಂದು ಅದರಿಂದಲೇ ಎತ್ತಿ ಕೊಡುತ್ತಾರೆ, ಮಿಕ್ಕದ್ದನ್ನು ಮಾತ್ರ ಬರೆಯುತ್ತಾರೆ. ವರ್ಷದ ಕೊನೆಗೆ ಯಾರ ಲೆಕ್ಕವೂ ಕೂಡಿಬರುವುದಿಲ್ಲ. ಕ್ರಮ ಹೀಗಿರಲಿ. ಆರಾಧನೆ ಮುಗಿದ ತಕ್ಷಣ, ಬಾಗಿಲು ತೆರೆದಿರುವ ಕೋಣೆಯಲ್ಲಿ, ಒಂದೇ ಮನೆಯವರಲ್ಲದ ಮೂವರು ಕೂತು ಎಣಿಸಬೇಕು. 500ರ ನೋಟು ಎಷ್ಟು, 100ರದು ಎಷ್ಟು, ಚಿಲ್ಲರೆ ಎಷ್ಟು ಎಂದು ಪುಸ್ತಕದಲ್ಲಿ ಇಳಿಸಿ ಮೂವರೂ ಸಹಿ ಹಾಕಬೇಕು. ಕವರಿನಲ್ಲಿ ಬಂದ ಕಾಣಿಕೆಗೆ ಹೆಸರು, ಉದ್ದೇಶ ಬರೆದು ರಸೀದಿ ಹರಿಯಬೇಕು. ಬಂದದ್ದೆಲ್ಲ ಸೋಮವಾರ ಬ್ಯಾಂಕಿಗೆ ಹೋಗಬೇಕು, ಖರ್ಚು ಏನಿದ್ದರೂ ಆಮೇಲೆ ವೋಚರ್ ಬರೆದು ತೆಗೆಯಬೇಕು. ಚೆಕ್ಕಿಗೆ ಎರಡು ಸಹಿ. ಬಾಗಿಲಲ್ಲಿ ಅಂಟಿಸಿದ ಯುಪಿಐ ಕ್ಯೂಆರ್ ಸಭೆಯ ಖಾತೆಯದ್ದೇ ಆಗಿರಬೇಕು. ಖಜಾಂಚಿಯ ಸ್ವಂತ ನಂಬರ್ ಆಗಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ವಾರವೇ ಬದಲಾಯಿಸಿ.

ಕಥೋಲಿಕ ಓದುಗರಿಗೆ: ಪ್ರತಿ ಧರ್ಮಕೇಂದ್ರದಲ್ಲೂ (ಫಾದರ್ ನೋಡಿಕೊಳ್ಳುವ ಸ್ಥಳೀಯ ಸಭೆಯಲ್ಲೂ) ಹಣಕಾಸು ಸಮಿತಿ ಇರಲೇಬೇಕು ಎಂದು ಧರ್ಮಸಭೆಯ ಕಾನೂನಿನ 537ನೆಯ ವಿಧಿ ಹೇಳುತ್ತದೆ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಕೊಡಬೇಕು ಎನ್ನುವುದು 1287ನೆಯ ವಿಧಿ.

ಹಾಗಾದರೆ ಅವಿಧೇಯತೆ ಯಾವುದು? ಲೆಕ್ಕ ಕೊಡುವವರೆಗೂ ಕಾಣಿಕೆ ಹಾಕುವುದಿಲ್ಲ ಎನ್ನುವುದು, ಆರಾಧನೆಯ ಹೊತ್ತಿಗೇ ಮನೆಯಲ್ಲಿ ಬೇರೆ ಕೂಟ ಶುರುಮಾಡುವುದು, ಕಮಿಟಿ ಬಹುಮತದಿಂದ ತೀರ್ಮಾನಿಸಿದ ಮೇಲೂ ಸುಣ್ಣದ ಬಣ್ಣಕ್ಕೆಲ್ಲ ಹಠ ಹಿಡಿಯುವುದು. ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದರೆ ಮಾತ್ರ ಹಾಕಬೇಡಿ, ನಿಮ್ಮ ಅಸಮ್ಮತಿಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರನೂ ಅಪೊಸ್ತಲರೂ ಹೇಳಿದ್ದು ಇಂಥ ಹೊತ್ತಿಗೇ (ಅಪೊಸ್ತಲರ ಕೃತ್ಯಗಳು 5:29).

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮತ್ತಾಯ 18ರ ಮೆಟ್ಟಿಲುಗಳನ್ನು ಹಿಡಿಯಬೇಡಿ, ಹಿರಿಯರ ಪಂಚಾಯ್ತಿ ಸೇರಿಸಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಸಭೆಯ ಹೆಸರು ಕೆಡುತ್ತದೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಪ್ರಶ್ನೆ: ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಬಂದ ದಿನವೇ ಸಾಲಕ್ಕೆ ಹೋಗುತ್ತೆ. ಎರಡು ಹಸುವಿನ ಹಾಲು ಡೇರಿಗೆ ಹಾಕುತ್ತೇವೆ. ದಶಮಾಂಶ (ಸಭೆಗೆ ಕೊಡುವ ಹತ್ತರಲ್ಲೊಂದು ಪಾಲು) ಹೇಗೆ ಲೆಕ್ಕ ಹಾಕಲಿ? ಹೋದ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಬಾಳೆಗೊನೆಯನ್ನು 6,000ಕ್ಕೆ ಕೂಗಿ ಇನ್ನೂ ಕೊಟ್ಟಿಲ್ಲ.
— ರೈತ, ಮಂಡ್ಯ ತಾಲ್ಲೂಕು

ಉತ್ತರ: ಸಂಬಳದವರ ಲೆಕ್ಕ ರೈತನಿಗೆ ಹೊಂದುವುದಿಲ್ಲ. ಅವರಿಗೆ ಕೈಗೆ ಬಂದದ್ದೇ ಆದಾಯ. ನಿಮಗೆ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದ ವರ್ಷ ಮಣ್ಣಿಗೆ ಹಾಕಿದ ನಿಮ್ಮದೇ ಹಣ.

ಲೆಕ್ಕಕ್ಕೆಂದು ಒಂದು ಎಕರೆಗೆ 40 ಟನ್, ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 1,20,000. ಉಳುಮೆ, ಬಿತ್ತನೆ, ಗೊಬ್ಬರ, ಕಳೆ, ಕಟಾವು ಕೂಲಿ, ಸಾಗಣೆ ಸೇರಿ 70,000 ಆಗಿದ್ದರೆ ಉಳಿದದ್ದು 50,000. ಹತ್ತರಲ್ಲೊಂದು ಪಾಲು 5,000. ಇಲ್ಲಿ ತಪ್ಪುವುದು ಸಾಲದಲ್ಲಿ. ಸೊಸೈಟಿಯಿಂದ 40,000 ಬೆಳೆ ಸಾಲ ತಂದು ಗೊಬ್ಬರಕ್ಕೆ ಹಾಕಿದ್ದರೆ ಆ ಗೊಬ್ಬರ ಆಗಲೇ 70,000ದ ಒಳಗಿದೆ. ಸಾಲದ ಅಸಲನ್ನು ಮತ್ತೆ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಕಳೆದಂತೆ. ಬಡ್ಡಿಯನ್ನು ಮಾತ್ರ ಖರ್ಚಿಗೆ ಸೇರಿಸಿ. ಮದುವೆಗೆ ಅಡವಿಟ್ಟ ಒಡವೆಯ ಸಾಲ ಬೇಸಾಯದ ಖರ್ಚಲ್ಲ, ಅದನ್ನು ಇಲ್ಲಿ ತರಬೇಡಿ. ಮನೆಯ ದಿನಸಿ, ಶಾಲಾ ಫೀಸೂ ಹಾಗೆಯೇ. ಆಲೆಮನೆಗೆ ಹಾಕಿ ಬೆಲ್ಲ ಮಾಡಿಸಿದರೆ ಅದರ ಕೂಲಿಯನ್ನೂ ಕಳೆಯಿರಿ.

ಹಾಲಿನ ದುಡ್ಡು ಬೇರೆ. ಬಟವಾಡೆ ಬಂದಾಗ ಹಿಂಡಿ, ಬೂಸಾ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ತೆಗೆದು ಒಂದು ಡಬ್ಬಿಗೆ ಹಾಕಿಡಿ. ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಗಳಿಕೆಗೆ ತಕ್ಕಂತೆ ತೆಗೆದಿಡಲಿ ಎಂದು 1 ಕೊರಿಂಥ 16:2 ಹೇಳುವುದು ಇದನ್ನೇ. ಕಬ್ಬಿನ ಬಟವಾಡೆ ತಡವಾದ ವರ್ಷವೂ ಭಾನುವಾರ ಬರಿಗೈಯಲ್ಲಿ ಹೋಗುವ ಸಂಕೋಚ ಇರುವುದಿಲ್ಲ. ಬೆಳೆ ನಷ್ಟವಾದ ವರ್ಷ ಆ ಬೆಳೆಯ ದಶಮಾಂಶ ಸೊನ್ನೆ. ಸಾಲ ತಂದು ದಶಮಾಂಶ ಕೊಡಬೇಡಿ. ಹೊಸ ಒಡಂಬಡಿಕೆ ಸಭೆಯ ಮೇಲೆ ಹತ್ತು ಪರ್ಸೆಂಟ್ ತೆರಿಗೆ ಹಾಕಿಲ್ಲ. ದುಃಖದಿಂದಲ್ಲ, ಬಲವಂತದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದಂತೆ ಎಂದು 2 ಕೊರಿಂಥ 9:7 ಹೇಳುತ್ತದೆ. ನಮ್ಮ ಮಟ್ಟಿಗೆ ಹತ್ತರಲ್ಲೊಂದು ಒಳ್ಳೆಯ ಅಳತೆ, ಏಕೆಂದರೆ ಅದಿಲ್ಲದಿದ್ದರೆ "ಮನಸ್ಸಿಗೆ ಬಂದಷ್ಟು" ಎನ್ನುವುದು ಹತ್ತು ರೂಪಾಯಿಯ ನೋಟಿಗೆ ನಿಂತುಬಿಡುತ್ತದೆ. ವಯಸ್ಸಾದ ತಂದೆತಾಯಿಯ ಔಷಧಿಗೆ ಇಟ್ಟ ದುಡ್ಡನ್ನು ಮುಟ್ಟಬೇಡಿ. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಯನ್ನು ಕೈಬಿಟ್ಟವರನ್ನು ಯೇಸು ಕಟುವಾಗಿ ಖಂಡಿಸಿದ್ದಾನೆ (ಮಾರ್ಕ 7:9-13).

ಬಾಳೆಗೊನೆಯ 6,000 ನಿಮ್ಮ ಸಾಲವೇ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದು ಮೇಲು ಎಂದು ಪ್ರಸಂಗಿ 5:5 ಹೇಳುತ್ತದೆ. ಖಜಾಂಚಿಯ ಹತ್ತಿರ ಹೋಗಿ "ಮೂರು ಕಂತಿನಲ್ಲಿ ಕೊಡ್ತೀನಿ, ಬರ್ಕೊಳ್ಳಿ" ಅನ್ನಿ. ಮುಂದಿನ ಸುಗ್ಗಿಗೆ ಮನೆಯಿಂದ ಹೊರಡುವ ಮೊದಲೇ ಎಷ್ಟಕ್ಕೆ ನಿಲ್ಲಬೇಕು ಎಂದು ಮನೆಯಾಕೆಗೆ ಹೇಳಿಡಿ, ಆ ಮೊತ್ತ ಜೇಬಿನಲ್ಲಿರಲಿ. ಎದುರು ಬೀದಿಯವರು ಕೂಗಿದರೆಂದು ಮೇಲಕ್ಕೆ ಹೋಗುವುದು ಕಾಣಿಕೆಯಲ್ಲ, ಪೈಪೋಟಿ. ಹರಾಜು ನಡೆಸುವವರೂ ಹೆಸರು ಹಿಡಿದು ಕರೆದು ಹುರಿದುಂಬಿಸುವುದನ್ನು ಬಿಡಬೇಕು. ಕಾಫಿ ಕುಡಿಯಲೂ ಯೋಚಿಸುವ ಮನೆಯವನ ಮುಂದೆ "ಏನ್ರಣ್ಣ, ಇಷ್ಟಕ್ಕೇ ಸುಮ್ಮನಾದ್ರಾ?" ಎಂದು ಮೈಕಿನಲ್ಲಿ ಕೂಗುವುದು ಪಾಪ.

ಪ್ರಶ್ನೆ: ಹಳ್ಳಿಯಿಂದ ಮೈಸೂರಿಗೆ ಕೆಲಸಕ್ಕೆ ಬಂದು ಮೂರು ವರ್ಷ. ಒಂದು ವಾರ ಕಥೋಲಿಕರ ಫಿಲೋಮಿನಾ ಚರ್ಚ್, ಒಂದು ವಾರ ಸಿಎಸ್‌ಐನ ವೆಸ್ಲಿ ಕ್ಯಾಥೆಡ್ರಲ್, ಭಾನುವಾರ ಪಾಳಿ ಬಿದ್ದರೆ ಮೊಬೈಲಿನಲ್ಲಿ ಆರಾಧನೆ. ಇಷ್ಟು ಸಾಲದೇ?
— ಯುವಕ, ಮೈಸೂರು

ಉತ್ತರ: ಸಾಲದು. ನೀವು ಮೂರು ವಾರ ಬರದಿದ್ದರೆ "ಎಲ್ಲಪ್ಪಾ ಕಾಣಲಿಲ್ಲ?" ಎಂದು ಕೇಳುವ ಒಬ್ಬರೂ ಈ ಏರ್ಪಾಡಿನಲ್ಲಿ ಇಲ್ಲ. ಕೂಡಿಬರುವುದನ್ನು ಬಿಡಬೇಡಿ, ಒಬ್ಬರನ್ನೊಬ್ಬರು ಹುರಿದುಂಬಿಸಿ ಎಂದು ಇಬ್ರಿಯರಿಗೆ 10:24-25 ಎರಡನ್ನೂ ಒಟ್ಟಿಗೆ ಹೇಳುತ್ತದೆ. ಮೊಬೈಲು ಹಾಸಿಗೆ ಹಿಡಿದವರಿಗೆ ದೊಡ್ಡ ಆಸರೆ, ನಿಮಗಲ್ಲ.

ಸಿಎಸ್‌ಐ ಆದರೆ ಊರಿನ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತಂದು ಇಲ್ಲಿನ ಒಂದು ಸಭೆಗೆ ಕೊಡಿ, ಚಂದಾ ಪುಸ್ತಕ ಮಾಡಿಸಿ. ಕಥೋಲಿಕರಿಗೆ ಧರ್ಮಕೇಂದ್ರ ವಾಸದ ಜಾಗದ ಪ್ರಕಾರ. ಮೂರು ತಿಂಗಳು ಇರುವ ಉದ್ದೇಶದಿಂದ ಬಂದರೂ ಸಾಕು, ನೀವು ಆ ಧರ್ಮಕೇಂದ್ರದವರು. ಫಾದರ್ ಹತ್ತಿರ ಹೆಸರು ಬರೆಸಿ. ಬರೆಸದವರಿಗೆ ತೊಂದರೆ ಗೊತ್ತಾಗುವುದು ಮದುವೆ ಗೊತ್ತಾದಾಗ. ಭಾನುವಾರದ ಪ್ರಕಟಣೆ, ಜ್ಞಾನಸ್ನಾನದ ಹೊಸ ಪ್ರಮಾಣಪತ್ರ, ಅವಿವಾಹಿತ ಎಂಬ ಪತ್ರ ಎಲ್ಲವೂ ಒಂದೇ ತಿಂಗಳಲ್ಲಿ ಬೇಕಾಗುತ್ತವೆ, ಕೊಡಲು ನಿಮ್ಮನ್ನು ಬಲ್ಲ ಸಭೆಯೇ ಇರುವುದಿಲ್ಲ.

ಪಾಳಿ ವಿಷಯ: ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ್ದಕ್ಕೆ ಸಮ (ವಿಧಿ 1248). ಸಿಎಸ್‌ಐನವರು ವಾರದ ಮನೆಕೂಟವೊಂದಕ್ಕೆ ಸೇರಿಕೊಳ್ಳಿ, ಪಾಳಿ ಪಟ್ಟಿಯನ್ನು ಅಯ್ಯನವರಿಗೂ ತಿಳಿಸಿಡಿ.

ಪ್ರಶ್ನೆ: ಆಯುಧಪೂಜೆಯ ದಿನ ವರ್ಕ್‌ಶಾಪಿನಲ್ಲಿ ಮಷಿನ್‌ಗೆ ಪೂಜೆ ಮಾಡಿ, ಪ್ರಸಾದ ಕೊಡುತ್ತಾರೆ. ನಾನೊಬ್ಬನೇ ಕ್ರೈಸ್ತ. ರಜೆ ಹಾಕಿ ತಪ್ಪಿಸಿಕೊಳ್ಳಲೇ?
— ಟರ್ನರ್, ಮೈಸೂರು

ಉತ್ತರ: ರಜೆ ಹಾಕಬೇಡಿ. ಮುಂಚಿನ ದಿನವೇ ಮೇಸ್ತ್ರಿಗೆ ಹೇಳಿ: "ಅಣ್ಣ, ಮಷಿನ್ ಎಲ್ಲಾ ನಾನೇ ತೊಳೆದು ಒರೆಸಿ ಆಯಿಲ್ ಹಾಕಿ ಕೊಡ್ತೀನಿ. ಪೂಜೆ ಮಾಡೋದು ನಮ್ಮಲ್ಲಿ ಇಲ್ಲ, ತಪ್ಪು ತಿಳ್ಕೊಬೇಡಿ." ಹೇಳಿದಂತೆ ಲೇತಿನ ಬೆಡ್ಡಿನಲ್ಲಿ ಒಂದು ಚೂರು ಸಿಪ್ಪೆ ಉಳಿಯದ ಹಾಗೆ ಕೆಲಸ ಮಾಡಿ ಕೊಡಿ. ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಗೌರವದಿಂದ ನಿಂತಿರಿ, ಮೊಬೈಲ್ ನೋಡುತ್ತಾ ನಿಲ್ಲಬೇಡಿ. ಎಲ್ಲರ ಊಟದ ಖರ್ಚಿಗೆ ನಿಮ್ಮ ಪಾಲು ಕೊಡಿ.

ತಿನ್ನುವುದರ ಬಗ್ಗೆ ಪೌಲನ ದಾರಿ ಸ್ಪಷ್ಟ. ಊಟಕ್ಕೆ ಕರೆದರೆ ಕೆದಕಿ ಕೇಳದೆ ತಿನ್ನಿ, ಇದು ನೈವೇದ್ಯ ಎಂದು ಅವರೇ ಹೇಳಿದರೆ ತಿನ್ನಬೇಡಿ (1 ಕೊರಿಂಥ 10:27-28). ಕೈಮುಗಿದು ಬೇಡವೆನ್ನಿ, ವಾದ ಬೇಡ. ಪೌಲನ ಜೊತೆಗಿದ್ದವರು ನಮ್ಮ ದೇವಿಯನ್ನು ನಿಂದಿಸಿದವರಲ್ಲ ಎಂದು ಎಫೆಸದ ಪಟ್ಟಣದ ಅಧಿಕಾರಿಯೇ ಸಾಕ್ಷಿ ಹೇಳಿದ (ಅಪೊಸ್ತಲರ ಕೃತ್ಯಗಳು 19:37). ನಿಮ್ಮ ಬಗ್ಗೆಯೂ ಮೇಸ್ತ್ರಿ ಅದನ್ನೇ ಹೇಳುವಂತಿರಬೇಕು. ನಿಮ್ಮ ಸಭೆಯಲ್ಲಿ ಯಾರಾದರೂ ಬೇರೆ ರೀತಿ ನಡೆದುಕೊಂಡರೆ ಅವರಿಗೆ ತೀರ್ಪು ಕೊಡುವ ಮೊದಲು ರೋಮ 14 ಓದಿ.

ಪ್ರಶ್ನೆ: ನನಗೆ 63. ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಮ್ಮಮ್ಮ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ 40 ದಿನವೂ ಒಪ್ಪತ್ತು ಇರುತ್ತಿದ್ದರು. ನಾನು ಬಿಟ್ಟರೆ ಅವಿಧೇಯತೆ ಆಗುತ್ತದೆಯೇ?
— ಕಥೋಲಿಕ ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗುವುದಿಲ್ಲ. ಧರ್ಮಸಭೆ ಕಡ್ಡಾಯ ಮಾಡಿರುವ ಉಪವಾಸ ಎರಡೇ ದಿನ: ಬೂದಿ ಬುಧವಾರ, ಶುಭಶುಕ್ರವಾರ. ಒಂದು ಪೂರ್ತಿ ಊಟ, ಎರಡು ಸಣ್ಣ ಊಟ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ನಿಮಗೆ ವಯಸ್ಸಿನ ಲೆಕ್ಕದಲ್ಲೇ ಬಿಡುವು, ಕಾಯಿಲೆಯದ್ದು ಇನ್ನೊಂದು. ಆ ಎರಡು ದಿನ ಮಾಂಸ ಬಿಡುವುದಕ್ಕೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಅದನ್ನು ನೀವು ಧಾರಾಳವಾಗಿ ಪಾಲಿಸಬಹುದು. 40 ದಿನದ ಒಪ್ಪತ್ತು ನಿಮ್ಮ ತಾಯಿಯ ಭಕ್ತಿ, ನಿಯಮವಲ್ಲ. ಅದರ ಬದಲು ಸಂಜೆಯ ಧಾರಾವಾಹಿ ಬಿಟ್ಟು ಜಪಮಾಲೆ ಮಾಡಿ, ಒಂದು ಹೊತ್ತಿನ ಅಡುಗೆಯ ಖರ್ಚನ್ನು ತೆಗೆದಿಟ್ಟು ಬೀದಿಯ ಕೊನೆಯ ಮನೆಗೆ ಅಕ್ಕಿ ಕೊಡಿಸಿ. ಹಸಿದವರಿಗೆ ಅನ್ನ ಹಂಚುವುದನ್ನೇ ಯೆಶಾಯ 58:6-7 ಉಪವಾಸ ಎಂದು ಕರೆಯುತ್ತದೆ.

ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಅದರ ಗುರುತು. ಹಾಗಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ನೀರಿಗೆ ಹಾಕಿ ತಕ್ಷಣ ಕುಡಿದು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಡೋಸನ್ನು ನೀವೇ ಹೆಚ್ಚುಕಡಿಮೆ ಮಾಡಬೇಡಿ, ವೈದ್ಯರನ್ನು ಕೇಳಿ. ಶುಭಶುಕ್ರವಾರದ ಆರಾಧನೆ ಉದ್ದ, ಬಿಸಿಲೂ ಜೋರು. ಹೊತ್ತಿಗೆ ಸರಿಯಾಗಿ ಊಟ ಮಾಡಿ ಹೊರಡಿ, ಬ್ಯಾಗಿನಲ್ಲಿ ನೀರಿನ ಬಾಟಲಿ, ಸಕ್ಕರೆ ಪೊಟ್ಟಣ ಇರಲಿ, ಬೆಂಚಿನ ತುದಿಯಲ್ಲಿ ಕೂತುಕೊಳ್ಳಿ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಕಾಯಿಲೆಯ ವಿಷಯ ಮೊದಲೇ ಹೇಳಿಡಿ.